ಓಡುವಾಗ ಸಿಗುವ ಆ ಮೌನ ಪ್ರಾರ್ಥನೆಯೇ? ಕಾರವಾರದ ದಂಡೆಯಿಂದ ಒಂದು ಪ್ರಶ್ನೆ

ಅಳಿವೆ ಬಾಗಿಲು, ಕಾರವಾರ

ಬಹಳ ದಿನದಿಂದ ಕೇಳಬೇಕೆಂದುಕೊಂಡಿದ್ದೆ. ಇಲ್ಲಿ ಕ್ರೈಸ್ತರೂ ಇದ್ದೀರಿ, ಅಲ್ಲದವರೂ ಇದ್ದೀರಿ. ಯಾರು ಬೇಕಾದರೂ ಹೇಳಿ.

ಮೂರು ವರ್ಷದಿಂದ ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ಓಡುತ್ತೇನೆ. ಯುದ್ಧನೌಕೆ ನಿಲ್ಲಿಸಿದ ಕಡೆಯಿಂದ ಹೊರಟು ಕಾಳಿ ನದಿಯ ಅಳಿವೆಯ ತನಕ ಹೋಗಿ ವಾಪಸ್. ಇಳಿತದ ಹೊತ್ತಾದರೆ ಹಸಿ ಮರಳು ಗಟ್ಟಿಯಾಗಿರುತ್ತದೆ, ಕಾಲು ಹುಗಿಯುವುದಿಲ್ಲ. ನಮ್ಮಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಹಿಂದೆ. ದಂಡೆ ಇನ್ನೂ ನೆರಳಲ್ಲಿರುವಾಗಲೇ ಬಿಸಿಲು ಹೋಗಿ ಕೂರ್ಮಗಡದ ನೆತ್ತಿಗೆ ಬಿದ್ದಿರುತ್ತದೆ. ನಾನು ಕತ್ತಲಲ್ಲಿ ಓಡುತ್ತಿರುತ್ತೇನೆ, ದ್ವೀಪ ಬೆಳಗುತ್ತಿರುತ್ತದೆ.

ಕಳೆದ ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ, ಒಂದು ಭಾನುವಾರ ಹೀಗಾಯಿತು. ಅರ್ಧ ದಾರಿಯ ತನಕ ಎಂದಿನ ಹಾಗೆ ಏದುಸಿರು, ಕಣಕಾಲಿನ ನೋವು, ಆಫೀಸಿನ ಲೆಕ್ಕಾಚಾರ. ಆಮೇಲೆ ಯಾವಾಗಲೋ ಉಸಿರೂ ಹೆಜ್ಜೆಯೂ ಒಂದಾದವು. ಓಡುವವ ಇಲ್ಲ, ಓಟ ಮಾತ್ರ ಇದೆ ಅನ್ನುವ ಹಾಗೆ. ದೇವರ ಬಗ್ಗೆ ಯೋಚನೆ ಮಾಡುತ್ತಿರಲಿಲ್ಲ, ಯಾವ ಯೋಚನೆಯೂ ಇರಲಿಲ್ಲ. ಅಳಿವೆಯ ಹತ್ತಿರ ನಿಂತಾಗ ಬಾಯಿಂದ ತಾನಾಗಿ 'ದೇವ್ ಬರೆಂ ಕರುಂ' ಎಂದು ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೊಂಕಣಿಯಲ್ಲಿ ಉಪಕಾರ ಮಾಡಿದವರಿಗೆ ಹೇಳುವ ಮಾತು ಅದು, ದೇವರು ಒಳ್ಳೇದು ಮಾಡಲಿ ಅಂತ. ಯಾರಿಗೆ ಹೇಳಿದೆ ಎಂದು ತಿರುಗಿ ನೋಡಿದರೆ ದಂಡೆಯ ಮೇಲೆ ಯಾರೂ ಇರಲಿಲ್ಲ.

ಸ್ನಾನ ಮಾಡಿ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋದೆ. ಪೂಜೆಯ ಉದ್ದಕ್ಕೂ ಮನಸ್ಸು ಒಣಗಿದ ಹಾಗಿತ್ತು. ಪರಮಪ್ರಸಾದ ತೆಗೆದುಕೊಳ್ಳುವಾಗಲೂ ಅಷ್ಟೇ. ಪರಿಚಯದ ಒಬ್ಬ ಪಾದ್ರಿಗಳ ಹತ್ತಿರ ಹೇಳಿದೆ. "ವ್ಯಾಯಾಮ ಒಳ್ಳೇದು, ಬಿಡಬೇಡ. ಆದರೆ ಅದನ್ನು ಪ್ರಾರ್ಥನೆ ಅನ್ನಬೇಡ" ಎಂದರು. ಪ್ರೀತಿಯಿಂದಲೇ ಹೇಳಿದರು. ನನಗೆ ಮಾತ್ರ ಸಮಾಧಾನ ಆಗಿಲ್ಲ. ದಂಡೆಯ ಮೇಲೆ ಆದದ್ದು ಏನು ಹಾಗಾದರೆ?

ಶಿರಸಿ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವ, ಕ್ರೈಸ್ತನಲ್ಲ. ನನಗೆ ಗೊತ್ತಿರುವ ಬದಿಯಿಂದ ಹೇಳುತ್ತೇನೆ.

ಇದಕ್ಕೆಲ್ಲ ಎಂಡಾರ್ಫಿನ್, ಅಂದರೆ ದೇಹದೊಳಗೇ ಹುಟ್ಟುವ ನೋವು ತಗ್ಗಿಸುವ ವಸ್ತು, ಕಾರಣ ಎನ್ನುವುದು ರೂಢಿ. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನ ತಡೆಗೋಡೆಯನ್ನು ಸುಲಭವಾಗಿ ದಾಟುವ ವಸ್ತುವಲ್ಲ. ಈಗ ವಿಜ್ಞಾನಿಗಳು ಹೆಚ್ಚು ಗಮನ ಕೊಡುತ್ತಿರುವುದು ನಮ್ಮ ದೇಹವೇ ತಯಾರಿಸುವ ಇನ್ನೊಂದು ಬಗೆಯ ಅಣುಗಳಿಗೆ. ಒಂದೇ ಸಮ ಸ್ವಲ್ಪ ಹೊತ್ತು ಓಡಿದರೆ ರಕ್ತದಲ್ಲಿ ಅವುಗಳ ಪ್ರಮಾಣ ಏರುತ್ತದೆ. ಅವುಗಳಲ್ಲಿ ಒಂದನ್ನು 1992ರಲ್ಲಿ ಜೆರುಸಲೇಮಿನ ಪ್ರಯೋಗಾಲಯದಲ್ಲಿ ಗುರುತಿಸಿದರು. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ನಮ್ಮ 'ಆನಂದ'ವೇ ಅದು, ಸಂಸ್ಕೃತದಿಂದ ತೆಗೆದುಕೊಂಡದ್ದು.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆ ಮುಗಿಯಿತೇ? ನನಗೆ ಹಾಗನಿಸುವುದಿಲ್ಲ. ಕಣ್ಣಿನ ಪರದೆಯಲ್ಲಿ ಏನಾಗುತ್ತದೆ ಎಂದು ನಾನು ಮಕ್ಕಳಿಗೆ ಪೂರ್ತಿ ವಿವರಿಸಬಲ್ಲೆ. ಅದರಿಂದ ಎದುರಿಗಿರುವ ಘಟ್ಟ ಸುಳ್ಳಾಗುವುದಿಲ್ಲ. ದೇಹ ಹೇಗೆ ಕಂಡಿತು ಎಂದು ನಾನು ಹೇಳಿದೆ. ಏನನ್ನು ಕಂಡಿತು ಎನ್ನುವುದು ನನ್ನ ಪಾಠದಲ್ಲಿ ಇಲ್ಲ.

ಅಳಿವೆ ಬಾಗಿಲು, ಕಾರವಾರ

ಮೇಷ್ಟ್ರೇ, ಆ ಹೆಸರು ಕೇಳಿ ಖುಷಿಯಾಯಿತು. ನನ್ನ ಭಯ ಬೇರೆ ಇದೆ. ಆ ಭಾನುವಾರದ ನಂತರ ನಾನು ಅದನ್ನೇ ಹುಡುಕಿಕೊಂಡು ಓಡುತ್ತಿದ್ದೇನೆ. ಬರದಿದ್ದ ದಿನ ಸಿಟ್ಟು ಬರುತ್ತದೆ. ದೇವರನ್ನು ಹುಡುಕುತ್ತಿದ್ದೇನೋ ಆ ಅನುಭವವನ್ನೋ?

ಹೊನ್ನಾವರ ರಂಪಣಿ

ತಮ್ಮಾ, ಬೇಜಾರು ಮಾಡ್ಕೋಬೇಡ. ನೀನು ಆಫೀಸಲ್ಲಿ ಕೂತು ಕೆಲಸ ಮಾಡುವವ, ಬೆಳಿಗ್ಗೆ ಮೈ ದಣಿಸಿದರೆ ನಿನಗೆ ಹಗುರ ಆಗ್ತದೆ. ನಾನು ಹನ್ನೆರಡನೇ ವಯಸ್ಸಿಂದ ರಂಪಣಿ ಬಲೆ ಎಳೆದವ. ಸಮುದ್ರದಲ್ಲೇ ಮೀನಿನ ಸುತ್ತ ಬಲೆ ಬಿಗಿಯುವ ಪರ್ಸೀನ್ ಯಂತ್ರದ ಬೋಟು ಬಂದ ಮೇಲೆ ರಂಪಣಿ ಕಡಿಮೆ ಆಯ್ತು, ಆದರೂ ನಮ್ಮ ದಂಡೆಯಲ್ಲಿ ಈಗಲೂ ಹಾಕ್ತೇವೆ. ದೋಣಿಯಲ್ಲಿ ಬಲೆ ಸುತ್ತು ಹಾಕಿ ಬರ್ತದೆ, ಎರಡೂ ತುದಿಯ ಹಗ್ಗ ದಂಡೆಗೆ. ಆ ಕಡೆ ಮೂವತ್ತು ಜನ, ಈ ಕಡೆ ಮೂವತ್ತು. ಎರಡು ತಾಸು ಎಳೀಬೇಕು. ಅಂಗೈ ಸುಲಿದು ಉಪ್ಪುನೀರು ತಾಗಿದರೆ ದೇವರು ನೆನಪಾಗುವುದು ಬೇರೆ ರೀತಿ.

ಬಲೆ ಖಾಲಿ ಬಂದ ದಿನ ಯಾವ ಆನಂದವೂ ಇಲ್ಲ. ಶ್ರಮಕ್ಕೇ ದೇವರು ಸಿಗುವುದಾದರೆ ನಮ್ಮ ಕೇರಿಯವರೆಲ್ಲ ಸಂತರಾಗಬೇಕಿತ್ತು. ಬೇಕೆಂದು ಮಾಡುವ ದಣಿವು ಬೇರೆ, ಹೊಟ್ಟೆಗಾಗಿ ಮಾಡುವುದು ಬೇರೆ. ಈ ಎರಡನ್ನು ಒಂದೇ ತಕ್ಕಡಿಗೆ ಹಾಕಬೇಡಿ ಅಂತ ಕೇಳ್ಕೊಳ್ತೇನೆ.

ಆದರೂ ಒಂದು ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗ್ತದೆ. ಬಲೆ ಹತ್ತಿರ ಬಂದು ನೀರು ಬೆಳ್ಳಗೆ ಕುದಿಯುವ ಹಾಗೆ ಬಂಗಡೆ ಹಾರುವಾಗ ಅರವತ್ತು ಜನರ ಕಾಲು ಒಟ್ಟಿಗೆ ಹಿಂದೆ ಸರಿಯುತ್ತದೆ. ಯಾರೂ ಎಣಿಸುವುದಿಲ್ಲ, ಯಾರೂ ಹೇಳುವುದಿಲ್ಲ. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಪೇತ್ರ ಬಲೆ ಎಳೆಯುವುದು ಬರ್ತದಲ್ಲ, 153 ಮೀನು, ಬಲೆ ಹರಿಯಲಿಲ್ಲ ಅಂತ. ಅದನ್ನು ಓದುವಾಗೆಲ್ಲ ನನಗೆ ತೋಳಲ್ಲಿ ಗೊತ್ತಾಗ್ತದೆ. ದಂಡೆಯ ಮೇಲೆ ಇರುವುದು ಯೇಸು ಅಂತ ಗೊತ್ತಾದ ಕೂಡಲೇ ಪೇತ್ರ ನೀರಿಗೆ ಹಾರಿಬಿಟ್ಟ. ದೋಣಿ ದಡ ಮುಟ್ಟುವ ತನಕ ಕಾಯಲಿಲ್ಲ. ಅದು ಕೆಲಸ ಅಲ್ಲ, ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಕುಮಟಾ ವಾಲಿಬಾಲ್ ಟೀಚರ್

ಅಣ್ಣ, ನಿಮ್ಮ ಕೊನೆಯ ಸಾಲನ್ನು ಎರಡು ಸಲ ಓದಿದೆ. ಕೂಲಿ ಇಲ್ಲದ ಆ ಹಾರುವಿಕೆಗೇ ನಾನು 'ಆಟ' ಎನ್ನುತ್ತೇನೆ. ಇಲ್ಲಿ ಎಲ್ಲರೂ ಶ್ರಮದ ಮಾತಾಡುತ್ತಿದ್ದೀರಿ. ಗುಟ್ಟು ಇರುವುದು ಶ್ರಮದಲ್ಲಿ ಅಲ್ಲ, ಆಟದಲ್ಲಿ ಎಂದು ನನ್ನ ನಂಬಿಕೆ.

ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಧ್ಯಾನವನ್ನು ಆಟಕ್ಕೆ ಹೋಲಿಸಿದ್ದಾರೆ. ಅವರು ಕೊಡುವ ಕಾರಣ ಎರಡು. ಆಟದಲ್ಲಿ ಸಂತೋಷವಿದೆ. ಮತ್ತು ಆಟವನ್ನು ಬೇರೆ ಯಾವುದಕ್ಕಾಗಿಯೂ ಆಡುವುದಿಲ್ಲ, ಆಟಕ್ಕಾಗಿಯೇ ಆಡುತ್ತೇವೆ. ಈ ಎರಡನೆಯದು ನನ್ನನ್ನು ಹಿಡಿದಿಟ್ಟಿದೆ. ಅಳಿವೆ ಬಾಗಿಲು ಅವರೇ, ಮೊದಲ ದಿನ ನೀವು ಏನನ್ನೂ ಬಯಸದೆ ಓಡಿದಿರಿ, ಅದು ಬಂತು. ಈಗ ಅದಕ್ಕಾಗಿ ಓಡುತ್ತಿದ್ದೀರಿ. ಆಟ ಹೋಗಿ ವ್ಯಾಪಾರ ಬಂತು.

ನಮ್ಮ ಕರಾವಳಿಯ ಊರೂರಲ್ಲಿ ಮರಳಿನ ಮೇಲೆ ಬಲೆ ಕಟ್ಟಿ ಆಡುವ ವಾಲಿಬಾಲ್ ಎಲ್ಲಿಂದ ಬಂತು ಎಂದು ನನ್ನ ಮಕ್ಕಳನ್ನು ಪ್ರತಿ ವರ್ಷ ಕೇಳುತ್ತೇನೆ. ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದಿಂದ ಬಂತು. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಅದನ್ನು ಕಟ್ಟಿದರು. ನಾಲ್ಕು ವರ್ಷ ಮೊದಲು, 1891ರ ಡಿಸೆಂಬರಿನಲ್ಲಿ, ಪಕ್ಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ನೇತುಹಾಕಿ ಬಾಸ್ಕೆಟ್‌ಬಾಲ್ ಆಡಿಸಿದರು. ಅವರು ದೈವಶಾಸ್ತ್ರ ಓದಿದವರು. ವೈಎಂಸಿಎಯ ಕೆಂಪು ತ್ರಿಕೋನದ ಮೂರು ಬದಿ ಎಂದರೆ ಆತ್ಮ, ಮನಸ್ಸು, ದೇಹ. ಆ ಪರಂಪರೆಯೇ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜಾಗಿ ಬಂತು, ಹ್ಯಾರಿ ಕ್ರೋ ಬಕ್ ಅದನ್ನು ಸ್ಥಾಪಿಸಿದರು. ನನಗೆ ಕಲಿಸಿದವರಿಗೆ ಕಲಿಸಿದವರು ಅಲ್ಲಿ ಓದಿದವರು.

ಈ ಇತಿಹಾಸದಲ್ಲಿ ನನಗೆ ಇಷ್ಟವಾಗದ ಭಾಗವೂ ಇದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಗಟ್ಟಿ ಮೈಯೇ ಗಟ್ಟಿ ನಡತೆ ಎನ್ನುವ ಕ್ರೈಸ್ತ ವಿಚಾರ ಒಂದು ಬೆಳೆಯಿತು. ಅದು ಸಾಮ್ರಾಜ್ಯದ ಜೊತೆ ಕೈ ಜೋಡಿಸಿತು. ದುರ್ಬಲ ದೇಹದವರನ್ನು ಕೀಳಾಗಿ ಕಂಡಿತು. ನಾನು ಹೇಳುವ ಆಟಕ್ಕೂ ಅದಕ್ಕೂ ಸಂಬಂಧ ಇರಬಾರದು.

ಇಗರ್ಜಿಯ ಹಿರಿಯ, ಕಾರವಾರ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ನನ್ನದು ಎಚ್ಚರಿಕೆಯ ಮಾತು.

ಬೈಬಲಿನಲ್ಲಿ ತಿಮೊಥೆಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ದೇಹದ ಸಾಧನೆಯಿಂದ ಪ್ರಯೋಜನ ಸ್ವಲ್ಪವೇ, ಭಕ್ತಿಯಿಂದ ಎಲ್ಲಕ್ಕೂ ಪ್ರಯೋಜನ. ಕೊರಿಂಥದವರಿಗೆ ಪೌಲರು ಓಟದ ಮಾತು ಹೇಳಿದ್ದು ನಿಜ. ಆ ಊರಿನ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು, ಕೇಳುವವರಿಗೆ ಅದು ಕಣ್ಣೆದುರಿನ ಸಂಗತಿ. ಆದರೆ ಅವರು ಹೇಳಿದ್ದೇನು? ಗೆದ್ದವರಿಗೆ ತೊಡಿಸುವ ಆ ಎಲೆಯ ಕಿರೀಟ ಬಾಡುತ್ತದೆ ಎಂದು.

ಚಂದಾವರದ ಇಗರ್ಜಿಯ ಹಬ್ಬಕ್ಕೆ ಡಿಸೆಂಬರ್ 3ರಂದು ನಾವೆಲ್ಲ ಹೋಗುತ್ತೇವೆ. ಆ ಸಂತ ಫ್ರಾನ್ಸಿಸ್ ಕ್ಸೇವಿಯರರು ಪ್ಯಾರಿಸಿನಲ್ಲಿ ಓದುವಾಗ ಓಟದಲ್ಲಿ, ಜಿಗಿತದಲ್ಲಿ ಹೆಸರು ಮಾಡಿದವರು. ಮುಂದೆ ಆ ಹೆಮ್ಮೆಗೆ ಪ್ರಾಯಶ್ಚಿತ್ತವೆಂದು ಕೈಕಾಲಿಗೆ ಹುರಿ ಬಿಗಿದುಕೊಂಡು ನಡೆದರೆಂದು ಅವರ ಚರಿತ್ರೆ ಹೇಳುತ್ತದೆ. ಹುರಿ ಮಾಂಸದೊಳಗೆ ಹೊಕ್ಕು ನಡೆಯಲಾಗದೆ ಬಿದ್ದರಂತೆ. ಆಟದ ಸಂತೋಷದ ಪಕ್ಕದಲ್ಲೇ ಹೆಮ್ಮೆ ಕೂತಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಹುಡುಗರು ಭಾನುವಾರದ ಟೂರ್ನಮೆಂಟಿಗೆಂದು ಪೂಜೆ ಬಿಡುತ್ತಾರೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಭಾನುವಾರ ಓಡುವುದಿಲ್ಲ ಎಂದು 100 ಮೀಟರ್ ಓಟವನ್ನೇ ಬಿಟ್ಟರು. ಅದನ್ನೂ ನೆನಪಿಡೋಣ.

ಕುಮಟಾ ವಾಲಿಬಾಲ್ ಟೀಚರ್

ಸರ್, ಲಿಡೆಲ್ ಕತೆಯ ಮುಂದಿನ ಭಾಗವನ್ನೂ ಹೇಳಲೇಬೇಕು. ಅವರು 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಗೆದ್ದರು. ಮರುವರ್ಷವೇ ಮಿಷನರಿಯಾಗಿ ಚೀನಾಕ್ಕೆ ಹೋದರು, ಹುಟ್ಟಿದ್ದೂ ಅಲ್ಲೇ. ಯುದ್ಧದಲ್ಲಿ ಜಪಾನಿಯರು ಅವರನ್ನು ವೈಹ್ಸಿಯೆನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ತಂದೆತಾಯಿ ಹತ್ತಿರವಿಲ್ಲದ ಮಕ್ಕಳು ಎಷ್ಟೋ ಇದ್ದರು. ಅವರಿಗೆ ಇವರು ಆಟ ಆಡಿಸುತ್ತಿದ್ದರು, ಭಾನುವಾರ ಬಿಟ್ಟು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ ಜಗಳವಾಯಿತು. ಅದರ ಮುಂದಿನ ಭಾನುವಾರ ಲಿಡೆಲ್ ಮೈದಾನಕ್ಕೆ ಬಂದು ರೆಫರಿಯಾಗಿ ನಿಂತರು. ಒಲಿಂಪಿಕ್ ಚಿನ್ನಕ್ಕಾಗಿ ಮುರಿಯದ ನಿಯಮವನ್ನು ಆ ಮಕ್ಕಳ ಆಟಕ್ಕಾಗಿ ಸಡಿಲ ಮಾಡಿದರು. 1945ರ ಫೆಬ್ರವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು, ಮಿದುಳಿನ ಗಡ್ಡೆಯಿಂದ.

ಇನ್ನೊಂದು. ಹಳೆ ಒಡಂಬಡಿಕೆಯ ಹೀಬ್ರೂವಿನಲ್ಲಿ 'ಸಾಹಕ್' ಎಂಬ ಧಾತು ಇದೆ, ನಗು ಮತ್ತು ಆಟ ಎರಡೂ ಅದರಲ್ಲಿ ಸೇರಿವೆ. ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಂದೆ ಕುಣಿದ ಅರಸ ದಾವೀದನು "ಯೆಹೋವನ ಮುಂದೆ ಆಡುತ್ತೇನೆ" ಎನ್ನುವಾಗ ಬರುವುದು ಅದೇ. ಜ್ಞಾನೋಕ್ತಿ 8ರಲ್ಲಿ ಸೃಷ್ಟಿಯ ಹೊತ್ತಿಗೆ ಜ್ಞಾನವು ದೇವರ ಎದುರು ಆಡುತ್ತಿತ್ತು ಎನ್ನುವಲ್ಲಿಯೂ ಅದೇ. ಪಾಳುಬಿದ್ದ ಜೆರುಸಲೇಮಿನ ಬೀದಿಗಳಲ್ಲಿ ಮತ್ತೆ ಹುಡುಗ ಹುಡುಗಿಯರು ಆಡುತ್ತಾರೆ ಎಂದು ಜೆಕರ್ಯ ಹೇಳುವಲ್ಲಿಯೂ ಅದೇ. 104ನೇ ಕೀರ್ತನೆಯಲ್ಲಿ ದೇವರು ಲಿವ್ಯಾತಾನ ಎಂಬ ಭಾರೀ ಜಲಚರವನ್ನು ಸಮುದ್ರದಲ್ಲಿ ಆಡಲೆಂದು ಉಂಟುಮಾಡಿದ ಎನ್ನುವಲ್ಲಿಯೂ ಅದೇ. ದೇವಬಾಗದ ಕಡೆ ಡಾಲ್ಫಿನ್ ನೆಗೆಯುವುದನ್ನು ನೋಡಿದವರಿಗೆ ಈ ಕೀರ್ತನೆಗೆ ವ್ಯಾಖ್ಯಾನ ಬೇಡ.

ಜೆಕರ್ಯನ ಮಾತಿನಲ್ಲಿ ಹುಡುಗಿಯರೂ ಇದ್ದಾರೆ ಸರ್. ನಾನು ಹದಿನಾಲ್ಕಕ್ಕೆ ಬಂದಾಗ ಮನೆಯಲ್ಲಿ ಆಟ ನಿಲ್ಲಿಸಿದರು. ದೊಡ್ಡವಳಾದೆ, ಕುಣಿಯಬಾರದು ಎಂದರು. ದಾವೀದ ಕುಣಿಯುವುದನ್ನು ಕಿಟಕಿಯಿಂದ ನೋಡಿ ಅವನ ಹೆಂಡತಿ ಮೀಕಲಳು ತಿರಸ್ಕಾರ ಮಾಡಿದಳಲ್ಲ, ಹಾಗೆ ನೋಡುವ ಕಿಟಕಿ ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಇತ್ತು. ಎರಡು ವರ್ಷದ ನಂತರ ಒಬ್ಬ ಸಿಸ್ಟರ್ ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡಿ ನನ್ನನ್ನು ಮತ್ತೆ ಅಂಗಳಕ್ಕೆ ಕರೆದುಕೊಂಡು ಹೋದರು. ಮೊದಲ ಸರ್ವಿಸ್ ಹೊಡೆದಾಗ ಅತ್ತುಬಿಟ್ಟೆ. ಅದು ಪ್ರಾರ್ಥನೆಯಲ್ಲ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಇಗರ್ಜಿಯ ಹಿರಿಯ, ಕಾರವಾರ

ಆ ಶಿಬಿರದ ಸಂಗತಿ ನನಗೆ ಗೊತ್ತಿರಲಿಲ್ಲ ಟೀಚರ್. ಇವತ್ತು ರಾತ್ರಿ ಅದನ್ನೇ ಯೋಚಿಸುತ್ತೇನೆ. ನನ್ನ ಮಗಳೂ ಓಡುತ್ತಿದ್ದಳು. ನಿಲ್ಲಿಸಿದ್ದು ನಾನೇ.

ಸುಗ್ಗಿ ಊರು, ಅಂಕೋಲಾ

ನಾವು ಹಾಲಕ್ಕಿಗಳು. ಸುಗ್ಗಿಯಲ್ಲಿ ತಲೆಗೆ ಬಣ್ಣದ ತುರಾಯಿ ಕಟ್ಟಿಕೊಂಡು ಮನೆ ಮನೆಗೆ ಕುಣಿಯುತ್ತ ಹೋಗುತ್ತೇವೆ. ಕಾಲು ಸೋತ ಮೇಲೆಯೇ ಕುಣಿತ ಸುರು ಎಂದು ನಮ್ಮ ಅಜ್ಜ ಹೇಳುತ್ತಿದ್ದ. ನಿಮ್ಮ ಓಟದಲ್ಲಿ ಅರ್ಧ ದಾರಿ ಕಳೆದ ಮೇಲೆ ಆದದ್ದು ಅದೇ ಇರಬೇಕು.

ಹಳಿಯಾಳ ಡಮಾಮ್

ನಾನು ಸಿದ್ದಿ, ಆಫ್ರಿಕಾ ಮೂಲದ ಜನ ನಾವು, ಕ್ರೈಸ್ತ. ನಮ್ಮ ಮೈಯ ಬಗ್ಗೆ ಹೊರಗಿನವರಿಗೆ ಯಾವಾಗಲೂ ಅಭಿಪ್ರಾಯ ಇರುತ್ತದೆ. ಎಂಬತ್ತರ ದಶಕದ ಕೊನೆಗೆ ಒಲಿಂಪಿಕ್ಸ್ ಪದಕದ ಆಸೆಯಿಂದ ನಮ್ಮ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕೆಲವರು ಚೆನ್ನಾಗಿ ಓಡಿದರು, ಹೆಮ್ಮೆಯ ಸಂಗತಿಯೇ. ಆದರೆ ಚಿಕ್ಕಂದಿನಿಂದ "ನೀವು ಓಡುವ ಜನ" ಎಂದು ಕೇಳಿ ಕೇಳಿ ನನಗೆ ಓಟವೇ ಬೇಡವಾಗಿತ್ತು. ಮೈ ನನ್ನದಲ್ಲ, ಬೇರೆಯವರ ಉಪಯೋಗಕ್ಕೆ ಇರುವ ಸಾಮಾನು ಅನ್ನಿಸುತ್ತಿತ್ತು.

ರಾತ್ರಿ ನಮ್ಮ ಡಮಾಮ್ ವಾದ್ಯ ಬಾರಿಸಲು ಕೂತಾಗ ಹಾಗನಿಸುವುದಿಲ್ಲ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಹದಕ್ಕೆ ತಂದು, ನಡುವೆ ಇಟ್ಟು ಬಡಿದರೆ ಅಮ್ಮಂದಿರು ಏಳುತ್ತಾರೆ. ಹಗಲಿಡೀ ಬೇರೆಯವರ ಗದ್ದೆಯಲ್ಲಿ ಬಗ್ಗಿದ ಬೆನ್ನು ಅದು. ಕುಣಿಯುವಾಗ ನೆಟ್ಟಗಾಗುತ್ತದೆ. ರಂಪಣಿ ಅಣ್ಣ ಹೇಳಿದ ಎರಡು ದಣಿವುಗಳ ವ್ಯತ್ಯಾಸವನ್ನು ನಾನು ನಮ್ಮ ಅಮ್ಮನ ಬೆನ್ನಿನಲ್ಲಿ ನೋಡಿದ್ದೇನೆ. ದೇಹವು ಪವಿತ್ರಾತ್ಮನ ಗುಡಿ ಎಂದು ಪೌಲ ಬರೆದದ್ದನ್ನು ಫಾದರ್ ಶೀಲದ ಪಾಠಕ್ಕೆ ಓದುತ್ತಾರೆ, ಸರಿಯೇ. ನಾನು ಅದನ್ನು ಮೊದಲು ನಂಬಿದ್ದು ಆ ಅಂಗಳದಲ್ಲಿ.

ಎಡಗಾಲು

ನಾನು ಕಬಡ್ಡಿ ಆಡುತ್ತಿದ್ದವ. ಹೆದ್ದಾರಿಯಲ್ಲಿ ಬೈಕ್ ಬಿದ್ದು ಸೊಂಟ ಹೋಯಿತು, ಬಲಗಾಲು ಈಗ ಹೆಸರಿಗಷ್ಟೇ. ಇಡೀ ಚರ್ಚೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ದೇವರ ಹತ್ತಿರ ಹೋಗಲು ಕಾಲು ಬೇಕು ಎಂದಾದರೆ ನನ್ನಂಥವರು ಎಲ್ಲಿಗೆ ಹೋಗಬೇಕು?

ಆದಿಕಾಂಡದ ಯಾಕೋಬನನ್ನು ಯಾರೂ ನೆನಪು ಮಾಡಲಿಲ್ಲ. ಯಬ್ಬೋಕ್ ಹೊಳೆಯ ದಂಡೆಯಲ್ಲಿ ಬೆಳಗಾಗುವ ತನಕ ಕುಸ್ತಿ ಮಾಡಿದ. ಇಡೀ ಬೈಬಲಿನಲ್ಲಿ ದೇವರ ಜೊತೆ ಮೈಗೆ ಮೈ ಕೊಟ್ಟು ಸೆಣಸಿದವನು ಅವನೇ. ಸಿಕ್ಕಿದ್ದು ಆಶೀರ್ವಾದ, ಜೊತೆಗೆ ತೊಡೆಯ ಕೀಲು ತಪ್ಪಿತು. ಸೂರ್ಯ ಹುಟ್ಟುವಾಗ ಕುಂಟುತ್ತ ದಾಟಿದ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಇದೊಂದೇ ಪುಟ ಓದುತ್ತಿದ್ದೆ.

ಟೀಚರ್ ಹೇಳಿದ್ದರಲ್ಲಿ ನನಗೆ ಜಾಗ ಕಂಡಿತು. ಹೋದ ಮೇ ತಿಂಗಳಲ್ಲಿ ಅಕ್ಕನ ಮಗ ನನ್ನನ್ನು ಎತ್ತಿಕೊಂಡು ಹೋಗಿ ಶರಾವತಿಯ ನಿಂತ ನೀರಿಗೆ ಇಳಿಸಿದ. ಬೆನ್ನ ಕೆಳಗೆ ಕೈ ಇಟ್ಟಿದ್ದ, ಸ್ವಲ್ಪ ಹೊತ್ತಿಗೆ ಕೈ ತೆಗೆದ. ನಾನು ತೇಲುತ್ತಿದ್ದೆ. ಆಮೇಲೆ ಇಬ್ಬರೂ ನೀರೆರಚಿ ಆಡಿದೆವು, ನನಗೆ 38 ವರ್ಷ. ಅಲ್ಲಿ ಶ್ರಮ ಇರಲಿಲ್ಲ. ಆ ಕೈ ತೆಗೆದ ಕ್ಷಣ ಇದೆಯಲ್ಲ, ಅಳಿವೆ ಬಾಗಿಲು ಅವರು ಹೇಳುವುದು ಅದೇ ಎಂದು ನನಗೆ ಅನ್ನಿಸುತ್ತದೆ.

ಹೊನ್ನಾವರ ರಂಪಣಿ

ತಮ್ಮಾ ಎಡಗಾಲು, ನೀನು ಹೇಳಿದ್ದು ನನಗೆ ತಾಗಿತು. ಶರಾವತಿ ಎಂದರೆ ನಮ್ಮೂರ ಹತ್ತಿರವೇ. ಮತ್ತೆ ಇಳೀಬೇಕು ಅನ್ನಿಸಿದರೆ ಹೇಳು, ದೋಣಿ ಉಂಟು, ನಾಲ್ಕು ಜನ ಇದ್ದೇವೆ.

ಅಳಿವೆ ಬಾಗಿಲು, ನೀನೂ ಒಂದು ದಿನ ಬಾ. ಹಗ್ಗ ಹಿಡಿ.

ಅಳಿವೆ ಬಾಗಿಲು, ಕಾರವಾರ

ಮೂರು ವಾರ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಎರಡು ಸಂಗತಿ ಹೇಳಬೇಕು.

ಟೀಚರ್ ವ್ಯಾಪಾರ ಎಂದದ್ದು ನನ್ನ ಎದೆಗೆ ನೇರ ಬಂತು. ಕೈಗಡಿಯಾರ ಮನೆಯಲ್ಲಿ ಬಿಟ್ಟು ಓಡುತ್ತಿದ್ದೇನೆ. ಆ ಮೌನ ಮತ್ತೆ ಬಂದಿಲ್ಲ. ಪೂಜೆಯಲ್ಲಿ ಮಾತ್ರ ಒಂದು ವ್ಯತ್ಯಾಸ ಕಾಣುತ್ತಿದೆ. ಎಲ್ಲರೂ ಒಟ್ಟಿಗೆ ಏಳುವುದು, ಮೊಣಕಾಲೂರುವುದು, ಸಾಲಿನಲ್ಲಿ ನಡೆಯುವುದು, ಬಾಯಿ ತೆರೆಯುವುದು, ಇದೆಲ್ಲ ಮೈಯಿಂದಲೇ ಮಾಡುವುದಲ್ಲ ಎಂದು ಮೊದಲ ಸಲ ಗಮನಕ್ಕೆ ಬಂತು. ಇಷ್ಟು ವರ್ಷ ಅಲ್ಲಿ ತಲೆಯೊಂದನ್ನೇ ಕೂರಿಸಿಕೊಂಡಿದ್ದೆ. ಒಣಗಿದ ಹಾಗೆ ಈಗಲೂ ಆಗುತ್ತದೆ, ಆದರೆ ಎದ್ದು ಹೋಗಬೇಕು ಅನ್ನಿಸುವುದಿಲ್ಲ.

ಎರಡನೆಯದು, ಶನಿವಾರ ಹೊನ್ನಾವರಕ್ಕೆ ಹೋಗಿದ್ದೆ. ರಂಪಣಿ ಅಣ್ಣ ನನ್ನನ್ನು ಸಾಲಿನ ಮಧ್ಯೆ ನಿಲ್ಲಿಸಿದರು, ಮುಂದೆ ಅಜ್ಜ ಒಬ್ಬರು, ಹಿಂದೆ ಕಾಲೇಜಿನ ಹುಡುಗ. ಅರ್ಧ ತಾಸಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ನನ್ನ ಕಾಲು ಉಳಿದವರ ಕಾಲಿಗೆ ಕೂಡಲೇ ಇಲ್ಲ, ಪ್ರತಿ ಸಲವೂ ಅರ್ಧ ಹೆಜ್ಜೆ ತಡ. ಅಜ್ಜ ತಿರುಗದೆಯೇ "ಕೈಯಲ್ಲಿ ಎಳೀಬೇಡ, ಮೈ ಭಾರ ಬಿಡು" ಎಂದರು. ಬಿಟ್ಟೆ. ಮೀನು ಹೆಚ್ಚೇನೂ ಬರಲಿಲ್ಲ, ತಾರ್ಲೆ, ಸ್ವಲ್ಪ ಬಂಗಡೆ.

ಹೊರಡುವಾಗ ಬಾಳೆಲೆಯಲ್ಲಿ ಆರು ಬಂಗಡೆ ಕಟ್ಟಿ ಕೊಟ್ಟರು. ನಾನು ಬೇಡ ಎಂದೆ, ನಿಮ್ಮ ಹೊಟ್ಟೆಪಾಡು, ನಾನು ಸುಮ್ಮನೆ ಬಂದವ ಎಂದೆ. ಅಜ್ಜ ಪೊಟ್ಟಣವನ್ನು ಕೈಗೆ ಒತ್ತಿ "ಹಗ್ಗ ಹಿಡಿದವನಿಗೆ ಪಾಲು ಉಂಟು" ಎಂದರು.

ದೇವ್ ಬರೆಂ ಕರುಂ ಎಂದೆ. ಈ ಸಲ ಎದುರಿಗೆ ಅಜ್ಜ ಇದ್ದರು.

ಹೊನ್ನಾವರ ರಂಪಣಿ

ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚು. ಬರುವ ಶನಿವಾರ ಎಡಗಾಲು ತಮ್ಮನೂ ಬರ್ತಾನೆ ಅಂತ ಹೇಳಿದ್ದಾನೆ, ದೋಣಿಯಲ್ಲಿ ಕೂರಿಸ್ತೇವೆ, ಬಲೆ ಬಿಡುವುದು ಅವನ ಕೆಲಸ. ಐದು ಗಂಟೆಗೆ ದಂಡೆಯಲ್ಲಿ ಇರು.